ನಾನು ತುಂಬಿದ ತಗ್ಗು

ನನ್ನ ತಂಗಿ ನನ್ನ ಮೇಲೆ ಕೇಸು ಹಾಕಿದಳು. ಹಾಕು ಹಾಕು ಎಂದು ಅವಳ ಮನೆಗೆ ಎಡತಾಕಿ ಬೇಡಿಕೊಂಡವನು ನಾನೇ. ಈ ಮಾತು ಹೇಳಿದರೆ ರಾಣೆಬೆನ್ನೂರಿನಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ, "ಹೊಲದ ಸಲುವಾಗಿ ಏನ್ರಿ?" ಎನ್ನುತ್ತಾರೆ. ಅಣ್ಣ ತಂಗಿ ಕೋರ್ಟಿನ ಮೆಟ್ಟಿಲು ಹತ್ತಿದರೆ ಅದು ಹೊಲಕ್ಕೋ ಮನೆಗೋ ಇರಬೇಕು ಎಂಬುದು ನಮ್ಮ ಕಡೆಯ ತಿಳಿವಳಿಕೆ. ನಮ್ಮದು ಹೊಲದ ಕೇಸಲ್ಲ. ಒಂದು ರಸ್ತೆಯ ಅಂಚಿನದು, ಅವಳ ಬಲಗೈಯದು.

ನಾನು ಗೌಂಡಿ. ಏಳನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು ಸಿಮೆಂಟಿನ ಬುಟ್ಟಿ ಹೊತ್ತವನು. ಈಗ ನನ್ನ ಕೈಕೆಳಗೆ ಆಳುಗಳಿದ್ದಾರೆ, ಊರಲ್ಲಿ ಮೇಸ್ತ್ರಿ ಎಂದು ಕರೆಯುತ್ತಾರೆ. ನಾನು ಮಾಡಿದ ಗೋಡೆಯ ಗಿಲಾವು ಬಿರುಕು ಬಿಟ್ಟಿತೆಂದು ಯಾರೂ ಮನೆಗೆ ಬಂದು ಕೂಗಾಡಿದ್ದಿಲ್ಲ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ, ಪೊಲೀಸ್ ಠಾಣೆಯ ಒಳಗೆ ಯಾವ ಬಣ್ಣ ಹಚ್ಚಿದ್ದಾರೆಂದು ನೋಡಿದವನಲ್ಲ. ಬೈಕಿನ ಇನ್ಶೂರೆನ್ಸು ಕೂಡ ಅರ್ಧಂಬರ್ಧ ಮಾಡಿಸುವವನಲ್ಲ, ಪೂರ್ತಿಯದೇ ಮಾಡಿಸುವವನು. ಹೀಗೆಲ್ಲ ಹೇಳಿಕೊಳ್ಳುವುದು ನನ್ನ ಹೆಂಡತಿಗೆ ಸೇರುವುದಿಲ್ಲ. "ನಿಮ್ಮ ಪುರಾಣ ನೀವ ಓದಿಕೊಳ್ರಿ, ಕೇಳೂ ಮಂದಿಗೆ ಹಸಿವಾಗೇತಿ" ಎನ್ನುತ್ತಾಳೆ.

ತಂಗಿಯನ್ನು ಐರಣಿಗೆ ಕೊಟ್ಟಿದೆ. ಗಂಡ ಲಾರಿ ಹತ್ತಿ ಹೋದರೆ ಎಷ್ಟೋ ದಿನ ಈ ಕಡೆ ಮುಖ ಹಾಕುವುದಿಲ್ಲ. ಮನೆ ನಡೆಯುವುದು ಇವಳ ಕೈಯಿಂದಲೇ. ಕೈಯಿಂದ ಎಂದರೆ ನಿಜವಾಗಿಯೂ ಕೈಯಿಂದ. ನಮ್ಮ ರಾಣೆಬೆನ್ನೂರಿನ ಸುತ್ತ ಬೀಜದ ಕಂಪನಿಗಳಿಗಾಗಿ ಬೆಳೆಯುವ ಪ್ಲಾಟುಗಳಿವೆ. ಅಲ್ಲಿ ಹೆಣ್ಣುಮಕ್ಕಳು ಟೊಮೆಟೊ, ಮೆಣಸಿನ ಎಳೆ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಕೇಸರಗಳನ್ನು ತೆಗೆಯುತ್ತಾರೆ. ಮರುದಿನ ಬೇರೆ ಗಿಡದ ಹೂಪುಡಿ ಮುಟ್ಟಿಸುತ್ತಾರೆ. ಕ್ರಾಸ್ ಮಾಡುವುದು ಎಂದು ಅದಕ್ಕೆ ಹೆಸರು. ಚೂರು ಜೋರಾದರೆ ಮೊಗ್ಗು ತೊಟ್ಟಿನಿಂದಲೇ ಕಳಚಿ ಬೀಳುತ್ತದೆ. ನನ್ನ ತಂಗಿ ಹಾಡು ಹೇಳುತ್ತ, ಪಕ್ಕದವಳನ್ನು ಕಾಡಿಸುತ್ತ, ಮೊಗ್ಗಿನ ಕಡೆ ನೋಡಿಯೂ ನೋಡದ ಹಾಗೆ ಆ ಕೆಲಸ ಮಾಡುತ್ತಿದ್ದಳು. ಪ್ಲಾಟಿನ ಮಾಲೀಕರು ಇವಳಿಗಾಗಿ ಮುಂಚೆಯೇ ಬಂದು ಹೇಳಿ ಹೋಗುತ್ತಿದ್ದರು.

ಬ್ಯಾಡಗಿಯಲ್ಲಿ ನಮ್ಮ ಸೋದರತ್ತೆಗೆ ಆರಾಮಿಲ್ಲವೆಂದು ಸುದ್ದಿ ಬಂತು. ನೋಡಿ ಬರೋಣವೆಂದು ತಂಗಿ ಐರಣಿಯಿಂದ ಬಂದವಳು ಬಸ್‌ಸ್ಟ್ಯಾಂಡಿನಿಂದಲೇ ಫೋನು ಮಾಡಿದಳು.

"ಅಣ್ಣಾ, ನಾ ಇಲ್ಲೇ ಬಸ್ ಹಿಡಿದು ಹೋಕ್ಕೇನಿ, ನೀ ಅಲ್ಲೇ ಬಂದ್ಬಿಡು."

"ನನ್ನ ಗಾಡಿ ಇರೂವಾಗ ನೀ ಬಸ್ಸಿನಾಗ ಯಾಕ ಜೋತಾಡಿಕೊಂಡು ಹೋಗ್ತೀ? ಅಲ್ಲೇ ನಿಂದರು, ಬಂದೆ."

ಆ ದಿನ ಬಸ್ಸಿನಲ್ಲಿ ಹೋಗಲು ಬಿಟ್ಟಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಅತ್ತೆಯನ್ನು ಮಾತಾಡಿಸಿ ಉಂಡು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಅತ್ತೆಯ ಮಗ ವರ್ಷದ ಖಾರಕ್ಕೆಂದು ಒಂದು ಚೀಲ ಮೆಣಸಿನಕಾಯಿ ಕೊಟ್ಟ. ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಡ್ಡ ಹಾಕಿಕೊಂಡೆ. ಹಗುರ ಚೀಲ, ಆದರೆ ಉಬ್ಬಿದ್ದು. ಹ್ಯಾಂಡಲ್ ತಿರುಗಿಸುವಾಗ ಮೊಣಕೈಗೆ ತಾಗುತ್ತಿತ್ತು. ಹೆದ್ದಾರಿಯಲ್ಲಿ ಲಾರಿಗಳ ಕಾಟವೆಂದು ಹೋಗುವಾಗಲೂ ಬರುವಾಗಲೂ ಒಳರಸ್ತೆ ಹಿಡಿದಿದ್ದೆ. ಆ ರಸ್ತೆಗೆ ಹೊಸದಾಗಿ ಡಾಂಬರು ಬಿದ್ದಿತ್ತು. ಹಳೆಯದರ ಮೇಲೆಯೇ ಹೊಸದು ಹಾಕಿ ಹಾಕಿ ರಸ್ತೆ ಎತ್ತರವಾಗಿತ್ತು, ಬದಿಗೆ ಮಣ್ಣು ಹಾಕಿರಲಿಲ್ಲ. ಡಾಂಬರು ಎಲ್ಲಿ ಮುಗಿಯುತ್ತದೋ ಅಲ್ಲಿ ಗೇಣು ಎತ್ತರದ ಮೆಟ್ಟಿಲಿನ ಹಾಗೆ ಕಡಿದು ನಿಂತಿತ್ತು. ರಸ್ತೆ ಮಾತ್ರ ಕನ್ನಡಿ. ಇಂಥ ರಸ್ತೆ ಸಿಕ್ಕಾಗ ಎಕ್ಸಲೇಟರ್ ಮೇಲಿನ ಕೈ ತಾನೇ ತಿರುಗುತ್ತದೆ.

ಎದುರಿಗೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಬಂತು, ಹಿಂದೆ ಎರಡು ಟ್ರೇಲರ್. ಹಿಂದಿನದು ಹಾವಿನ ಬಾಲದಂತೆ ಹೊಯ್ದಾಡುತ್ತಿತ್ತು. ನಾನು ಬದಿಗೆ ಸರಿದೆ. ಮುಂದಿನ ಗಾಲಿ ಅಂಚಿನಿಂದ ಕೆಳಗಿಳಿಯಿತು. ಇಳಿದದ್ದು ಇಳಿಯಿತು, ಹಾಗೆಯೇ ನಿಲ್ಲಿಸಿದ್ದರೆ ಮುಗಿದು ಹೋಗುತ್ತಿತ್ತು. ನಾನು ಮತ್ತೆ ಮೇಲಕ್ಕೆ ಹತ್ತಿಸಲು ಹೋದೆ. ಗಾಲಿ ಡಾಂಬರಿನ ಅಂಚಿಗೆ ತೀಡಿಕೊಂಡು ಗಕ್ಕನೆ ತಿರುಚಿತು. ಗಾಡಿ ನಮ್ಮಿಬ್ಬರನ್ನೂ ರಸ್ತೆಗೆ ಒಗೆಯಿತು. ನನಗೆ ಮೊಣಕಾಲು ತರಚಿತು, ಅಷ್ಟೇ. ತಂಗಿ ಬಲಗೈ ಊರಿ ಬಿದ್ದಿದ್ದಳು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ. ಅವಳು ಎದ್ದು ಕೂತು ಮೊದಲು ಕೇಳಿದ್ದು:

"ಅಣ್ಣಾ, ನಿನಗೇನರ ಆತೇನು?"

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಕೈಗೆ ರಾಡು ಹಾಕಿ ಕಟ್ಟಿದರು. ಅಪಘಾತ ಎಂದಮೇಲೆ ಠಾಣೆಯಿಂದ ಜಮಾದಾರರೊಬ್ಬರು ಬಂದು ಹೇಳಿಕೆ ಕೇಳಿದರು. ನಾನು ತಂಗಿಗೆ ಬಾಯಿ ತೆಗೆಯಲು ಬಿಡದೆ ಹೇಳಿದೆ:

"ಯಾರ ಮ್ಯಾಲೂ ತಕರಾರಿಲ್ರಿ ಸಾಹೇಬ್ರ. ನಮ್ಮ ಹಣೆಬರಹ, ಬಿದ್ವಿ."

"ರಸ್ತೇದೇನರ ತೊಂದ್ರಿ ಇತ್ತೇನು?"

"ಏನಿಲ್ರಿ."

"ನೋಡ್ರಿ ಮತ್ತ, ಮುಂದ ಬಂದು ಹಂಗಲ್ಲ ಹಿಂಗ ಅನ್ನಬ್ಯಾಡ್ರಿ."

"ಅನ್ನೂದಿಲ್ರಿ."

ನಮ್ಮಲ್ಲಿ ಇದೇ ಮಾನವಂತರ ಮಾತು. ಬಿದ್ದವನು ಮೈ ಕೊಡವಿಕೊಂಡು ಏಳಬೇಕು, ದೂರು ಹೇಳಬಾರದು. ದೂರು ಬರೆಸಿದರೆ ಗಾಡಿ ಯಾರು ಹೊಡೆಯುತ್ತಿದ್ದರು ಎಂಬುದನ್ನೂ ಬರೆಸಬೇಕಲ್ಲ ಎಂಬ ಯೋಚನೆ ನನಗೆ ಬಂದಿರಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಬಂದಿತ್ತು.

ಕೆಲಸಕ್ಕೆ ಹೋದರೂ ಕೈಗೆ ಕೆಲಸ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಅಂಚು. ನಾಳೆ ಇನ್ನೊಬ್ಬರು ಅಲ್ಲೇ ಬಿದ್ದರೆ? ಕೂತು ಕೊರಗುವ ಜಾತಿ ನನ್ನದಲ್ಲ. ಸ್ವಂತ ಖರ್ಚಿನಲ್ಲಿ ಟ್ರ್ಯಾಕ್ಟರಿನಲ್ಲಿ ಗರಸು ಹೊಡೆಸಿದೆ. ಗರಸು ಅಂದರೆ ಕೆಂಪು ಕಲ್ಲುಮಣ್ಣು, ನೀರು ಬಿಟ್ಟು ಬಡಿದರೆ ಕಲ್ಲಾಗಿ ಕೂರುತ್ತದೆ. ಆಳುಗಳನ್ನು ಕರೆದುಕೊಂಡು ಹೋಗಿ, ನಾವು ಬಿದ್ದ ಜಾಗದ ಹಿಂದೆ ಮುಂದೆ ಬಹಳ ದೂರದವರೆಗೆ ಡಾಂಬರಿನ ಅಂಚಿಗೆ ಸಮನಾಗಿ ತುಂಬಿಸಿದೆ. ಪದರ ಪದರವಾಗಿ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿದೆವು. ಮನೆಯ ನೆಲಗಟ್ಟಿಗೂ ನಾನು ಅಷ್ಟು ಆಸ್ಥೆಯಿಂದ ಬಡಿದಿಲ್ಲ. ಪಕ್ಕದ ಹೊಲದ ಯಜಮಾನ ನೀರಿನ ಪೈಪು ಬಿಟ್ಟುಕೊಟ್ಟ, ಚಹಾ ಮಾಡಿಸಿ ತಂದ.

"ಸರಕಾರ ಮಾಡಲಾರದ್ದನ್ನ ನೀವು ಮಾಡಿದ್ರಿ ಬಿಡ್ರಿ ಮೇಸ್ತ್ರಿ. ನಿಮ್ಮ ತಂಗಿ ಕೈ ಲಗೂ ಕೂಡ್ತದ ನೋಡ್ರಿ, ಈ ಪುಣ್ಯೇದ ಕೆಲಸಕ್ಕ."

ಕೆಲಸ ಮುಗಿಯುವ ಹೊತ್ತಿಗೆ ಆ ಊರಿನ ಪಂಚಾಯ್ತಿ ಸದಸ್ಯರು ಬಂದರು. ನನ್ನ ಕೈಯಿಂದ ಸಲಿಕೆ ಇಸಿದುಕೊಂಡು, ಸಮ ಮಾಡಿದ್ದ ಗರಸಿನ ಮೇಲೆಯೇ ಇನ್ನೊಂದು ಸಲ ಸಮ ಮಾಡಿದಂತೆ ನಿಂತು ಫೋಟೋ ತೆಗೆಸಿಕೊಂಡರು. ಪಕ್ಕದಲ್ಲಿ ನನ್ನನ್ನೂ ನಿಲ್ಲಿಸಿಕೊಂಡರು. ಊರೂರ ವಾಟ್ಸ್ಯಾಪ್ ಗುಂಪುಗಳಲ್ಲಿ ಆ ಫೋಟೋ ಓಡಾಡಿತು. ರಸ್ತೆ ಗುತ್ತಿಗೆಯವರ ಕಡೆಯ ಸೂಪರ್‌ವೈಸರ್ ಎಂದು ಹೇಳಿಕೊಂಡು ಒಬ್ಬರು ಬೈಕ್ ನಿಲ್ಲಿಸಿದರು. ಕಾಲಿನಿಂದ ಗರಸನ್ನು ತುಳಿದು ನೋಡಿ ನಕ್ಕರು.

"ಭಾಳ ಚಲೋ ಮಾಡೀರಿ. ನಮ್ಮ ಕಡೆ ಕೆಲಸಕ್ಕ ಬರ್ತೀರೇನು?"

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಎರಡು ಸಲ ಹೇಳಿದೆ. ಐರಣಿಗೆ ಹೋಗಿ ತಂಗಿಗೂ ಹೇಳಿದೆ. ಕೈಯನ್ನು ಕೊರಳಿಗೆ ಜೋತು ಹಾಕಿಕೊಂಡು ಅವಳು ಫೋಟೋ ನೋಡಿದಳು.

"ಚಲೋ ಆತು ಬಿಡು, ಇನ್ನೊಬ್ರು ಬೀಳೂದು ತಪ್ಪಿತು" ಎಂದಳು. ನನಗೆ ಆ ರಾತ್ರಿ ನಿದ್ದೆ ಬಂತು.

ಕಟ್ಟು ಬಿಚ್ಚಿದಾಗ ಮಣಿಕಟ್ಟು ಸೊಟ್ಟಗಾಗಿತ್ತು. ಹೆಬ್ಬೆರಳು ತೋರುಬೆರಳಿನ ತುದಿಗೆ ಮುಟ್ಟುತ್ತಿರಲಿಲ್ಲ. ವ್ಯಾಯಾಮ ಮಾಡಿಸಿದರು, ಎಣ್ಣೆ ತಿಕ್ಕಿದ್ದಾಯಿತು. ಹಾವೇರಿಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದಾಗ, ಇನ್ನೊಂದು ಆಪರೇಷನ್ ಮಾಡಿದರೆ ಚಿಮಟ ಹಿಡಿಯುವಷ್ಟು ಬರಬಹುದು, ತಡ ಮಾಡಿದರೆ ಕೀಲು ಬಿಗಿದು ಹೋಗುತ್ತದೆ ಎಂದರು. ಮೊದಲಿನದಕ್ಕೇ ನನ್ನಲ್ಲಿದ್ದದ್ದು, ಅವಳಲ್ಲಿದ್ದದ್ದು ಎಲ್ಲ ಹೋಗಿತ್ತು. ಎರಡನೆಯದು ದೊಡ್ಡ ಊರಿನಲ್ಲೇ ಆಗಬೇಕಿತ್ತು.

ಆ ಹಂಗಾಮಿನಲ್ಲಿ ಒಮ್ಮೆ ಅವಳ ಮನೆಗೆ ಹೋದರೆ ಬೀಗ. ಪ್ಲಾಟಿಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಅಂದರು. ಹೋಗಿ ನೋಡಿದೆ. ಸಾಲಿನ ಕೊನೆಯಲ್ಲಿ ಕೂತು ಎಡಗೈಯಲ್ಲಿ ಚಿಮಟ ಹಿಡಿದು ಪ್ರಯತ್ನ ಮಾಡುತ್ತಿದ್ದಳು. ಹಾಡು ಇರಲಿಲ್ಲ. ಉಡಿಯಲ್ಲಿ ಕಳಚಿ ಬಿದ್ದ ಮೊಗ್ಗುಗಳನ್ನು ಮುಚ್ಚಿಟ್ಟುಕೊಂಡಿದ್ದಳು, ಮಾಲೀಕನಿಗೆ ಕಾಣಬಾರದೆಂದು. ನನ್ನನ್ನು ಕಂಡು ಸೆರಗು ಮುಚ್ಚಿ ನಕ್ಕಳು.

"ಎಡಗೈಗೆ ಸಾಲಿ ಕಲಿಸಾಕತ್ತೇನಿ ಅಣ್ಣಾ. ನಿನ್ನಂಗ ಅದೂ ನಡುವ ಸಾಲಿ ಬಿಡೂದು ಕಾಣ್ತದ."

ನಾನು ನಗಲಿಲ್ಲ. ನೆಟ್ಟಗೆ ರಾಣೆಬೆನ್ನೂರಿಗೆ ಬಂದು ಒಬ್ಬ ವಕೀಲರ ಬಾಗಿಲು ತಟ್ಟಿದೆ. ಅವರ ಮನೆಯ ಅಡುಗೆಕಟ್ಟೆ ಕಟ್ಟಿದವನು ನಾನು, ಅದೊಂದೇ ಪರಿಚಯ. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ನಾನು ಎಲ್ಲ ಹೇಳಿ ಹೆಮ್ಮೆಯಿಂದ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿದರು.

"ಇದು ತುಂಬಿದ ಮ್ಯಾಲಿಂದಲ್ರಿ. ತುಂಬೂಕಿಂತ ಮೊದಲಿಂದು?"

"ಇಲ್ರಿ."

"ತಗ್ಗು ಎಷ್ಟಿತ್ತು ಅಂತ ಯಾರರ ಅಳತಿ ಮಾಡಿದ್ರೇನು? ಪೊಲೀಸರ ಪಂಚನಾಮೆ?"

"ಇಲ್ರಿ. ತಕರಾರಿಲ್ಲ ಅಂತ ಬರಕೊಟ್ಟೇವಿ."

ಅವರು ಮೊಬೈಲನ್ನು ನನ್ನ ಕಡೆ ಸರಿಸಿದರು.

"ಮೇಸ್ತ್ರಿ, ಸಿಟ್ಟಿಗೇಳಬ್ಯಾಡ್ರಿ. ಮನೀ ಕಳುವಾದ ಮ್ಯಾಲೆ ಪೊಲೀಸರು ಬರೂಕಿಂತ ಮೊದ್ಲ ಮನೀ ಸಾರಿಸಿ ರಂಗೋಲಿ ಹಾಕಿದಂಗ ಆತಲ್ರಿ ಇದು."

ಆಮೇಲೆ ತಾಳ್ಮೆಯಿಂದ ತಿಳಿಸಿ ಹೇಳಿದರು. ಡಾಂಬರು ಹಾಕಿದವರು ಬದಿಗೆ ಮಣ್ಣು ತುಂಬಿ ಸಮ ಮಾಡಿಯೇ ರಸ್ತೆ ಬಿಟ್ಟುಕೊಡಬೇಕು. ಹಾಗೆ ಮಾಡದೆ ಯಾರಾದರೂ ಬಿದ್ದರೆ ಇಲಾಖೆಗೂ ಗುತ್ತಿಗೆದಾರರಿಗೂ ನೋಟಿಸು ಕೊಟ್ಟು, ಕಾದು, ಪರಿಹಾರಕ್ಕೆ ದಾವೆ ಹಾಕಬಹುದು. ರಸ್ತೆ ಕೆಟ್ಟದಾಗಿ ಕಟ್ಟಿದವರಿಗೆ ದಂಡ ಹಾಕಲು ಈಗ ಮೋಟಾರು ಕಾನೂನಿನಲ್ಲೂ ಜಾಗವಿದೆ. ಆದರೆ ತಗ್ಗು ಇತ್ತೆಂದು ತೋರಿಸುವ ಭಾರ ನಮ್ಮದು. ಫೋಟೋ, ಅಳತೆ, ಪಂಚನಾಮೆ, ಕಣ್ಣಾರೆ ಕಂಡವರ ಸಾಕ್ಷಿ. "ನೀವು ಆ ಜಾಗಾನ ಮುಟ್ಟದಂಗ ಬಿಟ್ಟಿದ್ರ ಆ ರಸ್ತೀನ ನಿಮ್ಮ ಸಾಕ್ಷಿ ಆಗ್ತಿತ್ತು. ಈಗ ಯಾರರ ನೋಡಿದವರು ಬಂದು ಹೇಳ್ತಾರೇನು ಕೇಳ್ರಿ" ಎಂದರು.

ಚಹಾ ಕೊಟ್ಟಿದ್ದ ಹೊಲದ ಯಜಮಾನನ ಹತ್ತಿರ ಹೋದೆ. ಮತ್ತೆ ಚಹಾ ಕೊಟ್ಟ. ಸಾಕ್ಷಿಯ ಮಾತು ತೆಗೆದ ಕೂಡಲೆ ಬಸಿ ಕೆಳಗಿಟ್ಟ.

"ನೋಡ್ರಿ, ನೀವು ದೊಡ್ಡ ಮನುಷ್ಯಾರು, ನಿಮ್ಮ ಮುಂದ ಸುಳ್ಳು ಹೇಳೂದಿಲ್ಲ. ನಮ್ಮ ಹೊಲಕ್ಕ ಇಳಿಯಾಕ ಸಿಮೆಂಟ್ ಕೊಳವಿ ಹಾಕಿ ದಾರಿ ಮಾಡಿಕೊಡ್ತೇವಿ ಅಂತ ಆ ರಸ್ತೇದ ಮಂದಿ ಒಪ್ಪಿಕೊಂಡಾರ. ಈಗ ನಾ ಅವರ ಮ್ಯಾಲೆ ಕೋರ್ಟಿನಾಗ ನಿಂತ್ರ ನನ್ನ ಚಕ್ಕಡಿ ಎಲ್ಲಿ ಇಳೀಬೇಕು? ನೀವ ಹೇಳ್ರಿ."

ನಾನೇ ತಕರಾರಿಲ್ಲ ಎಂದು ಸಹಿ ಮಾಡಿದವನು. ಎದ್ದು ಬಂದೆ.

ಉಳಿದದ್ದು ಇನ್ನೊಂದು ದಾರಿ. ನನ್ನ ಬೈಕಿಗೆ ಪೂರ್ತಿ ವಿಮೆ ಇದ್ದುದರಿಂದ ಹಿಂದೆ ಕೂತವರಿಗೆ ಗಾಯವಾದರೆ ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು. ಅದಕ್ಕೆ ಅಪಘಾತದ ನ್ಯಾಯಮಂಡಳಿ ಇದೆ. ತಂಗಿ ಅರ್ಜಿದಾರಳು. ಎದುರುದಾರರಲ್ಲಿ ಮೊದಲನೆಯವನು ಗಾಡಿ ಹೊಡೆದವನು, ಎರಡನೆಯದು ಕಂಪನಿ.

"ತಪ್ಪು ಯಾರದು ಅಂತ ಬರೀತೀರಿ?" ಎಂದು ವಕೀಲರನ್ನು ಕೇಳಿದೆ.

"ನಿಮ್ಮದು. ಪೊಲೀಸ್ ಕೇಸೂ ನಿಮ್ಮ ಮ್ಯಾಲೆ ಆಗ್ತದ. ಇದಕ್ಕೂ ಗಡುವು ಐತಿ, ಭಾಳ ದಿನ ಯೋಚನಿ ಮಾಡಬ್ಯಾಡ್ರಿ."

ಮನೆಗೆ ಬಂದು ಹೇಳಿದರೆ ಹೆಂಡತಿ ರೊಟ್ಟಿ ಬಡಿಯುತ್ತಲೇ ಅಂದಳು: "ಊರ ಮಂದೀಗೆ ದಾರಿ ಮಾಡಾಕ ಹೋಗಿ ಅಕೀ ದಾರಿ ಮುಚ್ಚಿದ್ರಿ. ಈಗ ನೀವ ಅಡ್ಡ ಬಿದ್ದು ಅಕೀನ್ನ ದಾಟಸ್ರಿ." ಅವಳ ನಾಲಗೆ ಹರಿತ, ಆದರೆ ಅವತ್ತು ಅವಳು ನನ್ನ ಮುಖ ನೋಡಿ ಹೇಳಲಿಲ್ಲ.

ತಂಗಿ ಒಪ್ಪಲಿಲ್ಲ. ಹೋದಾಗಲೆಲ್ಲ ಒಂದೇ ಮಾತು.

"ತವರಿನ ಮ್ಯಾಲೆ ಕೇಸ್ ಹಾಕಿದಾಕಿ ಅನ್ನಿಸಿಕೊಂಡು ಈ ಊರಾಗ ತಿರಗಾಡ್ಲೇನು? ನಾಳೆ ನಾಗರ ಪಂಚಮಿಗೆ ಯಾವ ಮಾರಿ ಇಟಗೊಂಡು ನಿನ್ನ ಮನೀಗೆ ಬರ್ಲಿ?"

"ಕೇಸು ನನ್ನ ಮ್ಯಾಲೆ ಅಲ್ಲವ್ವಾ, ಕಂಪನಿ ಮ್ಯಾಲೆ. ನಂದು ಬರೇ ಹೆಸರು."

"ಬರೇ ಹೆಸರು? ಪೊಲೀಸರು ಬಂದು ಬರೇ ಹೆಸರನ್ನ ಎಳಕೊಂಡು ಹೋಗ್ತಾರೇನು?"

"ಎಳಕೊಂಡೇನೂ ಹೋಗೂದಿಲ್ಲ. ದಂಡ ಹಾಕ್ತಾರ, ಕಟ್ತೇನಿ."

"ನೀ ಗಾಡಿ ಜೋರಾಗಿ ಹೊಡೆದಿ, ನೋಡದ ಹೊಡೆದಿ ಅಂತ ಸುಳ್ಳು ಹೇಳಬೇಕೇನು ನಾ?"

"ಸುಳ್ಳೇನು?" ಎಂದೆ.

ಅದು ಹೇಗೆ ನನ್ನ ಬಾಯಿಂದ ಬಂತೋ. ಅವಳು ಎಡಗೈಯಿಂದ ಒಲೆಯ ಮೇಲಿನ ಪಾತ್ರೆ ಇಳಿಸಲು ಹೋದಳು, ಪಾತ್ರೆ ವಾಲಿತು, ನಾನು ಎದ್ದು ಹಿಡಿದೆ. ಬಿಸಿ ಸಾರು ನನ್ನ ಕೈಮೇಲೆ ಚೆಲ್ಲಿತು. ಆಮೇಲೆ ಅವಳೇ ಅಂದಳು: "ಎಲ್ಲಿ ಸಹಿ ಮಾಡಬೇಕು ಹೇಳು. ಎಡಗೈಲೆ ಮಾಡಿದ್ರ ನಡೀತದೇನು?"

ತಂಗಿಯನ್ನು ಕರೆದುಕೊಂಡು ದೂರು ಕೊಡಲು ಠಾಣೆಗೆ ಹೋದಾಗ ಅದೇ ಜಮಾದಾರರು ಇದ್ದರು. ಗುರುತು ಹಿಡಿದರು. "ಅವತ್ತ ಹಣೆಬರಹ ಅಂದ್ರಿ, ಇವತ್ತ ಅಣ್ಣ ಅಂತೀರಿ. ಹಣೆಬರಹದ ಮ್ಯಾಲೆ ವಿಮಾ ಇಲ್ಲಂತೇನು?" ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ನಾನು ಕೈಕಟ್ಟಿ ನಿಂತಿದ್ದೆ. ಬೈಯುವಷ್ಟು ಬೈದು, ತಡವಾದದ್ದಕ್ಕೆ ಕಾರಣ ಬರೆಸಿಕೊಂಡು, ಕೊನೆಗೆ ಕೇಸು ದಾಖಲು ಮಾಡಿದರು.

ಪಂಚನಾಮೆಗೆ ಆ ಜಾಗಕ್ಕೆ ಹೋದೆವು. ಇಡೀ ಕತೆಯಲ್ಲಿ ನನಗೆ ಹೆಚ್ಚು ಕಷ್ಟವಾದದ್ದು ಅಲ್ಲಿ. ಜಮಾದಾರರು ರಸ್ತೆಯ ಅಗಲ ಅಳೆಸಿದರು. ರಸ್ತೆ ಚೆನ್ನಾಗಿದೆ, ಬದಿ ಡಾಂಬರಿಗೆ ಸಮನಾಗಿದೆ, ಗಟ್ಟಿಯಾಗಿದೆ ಎಂದು ಬರೆಸಿದರು. ನನಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಅವತ್ತ ಇಲ್ಲಿ ಗೇಣು ತಗ್ಗಿತ್ರಿ. ಇದು ನಾ ಆಮ್ಯಾಲೆ ತುಂಬಿದ್ದು."

"ನಾ ಕಣ್ಣಿಗೆ ಕಂಡದ್ದನ್ನ ಬರಸ್ತೇನಿ ಮಾರಾಯಾ. ಇಲ್ದ ತಗ್ಗನ್ನ ಹೆಂಗ ಅಳೀಲಿ?" ಎಂದು ಬೂಟಿನ ಹಿಮ್ಮಡಿಯಿಂದ ಗರಸನ್ನು ಎರಡು ಸಲ ಗುದ್ದಿ ನೋಡಿದರು. "ಏನ ಅನ್ರಿ, ಕೆಲಸ ಮಾತ್ರ ಒಂದನೇ ನಂಬರ್. ಮಳಿಗೂ ಜಗ್ಗಿಲ್ಲ ನೋಡ್ರಿ."

ಮಳೆಗಾಲ ಒಂದು ಕಳೆದಿತ್ತು. ಒಂದು ಕಡೆಯಾದರೂ ಕುಸಿದಿರಲಿ ಎಂದು ನಾನು ಅತ್ತ ಇತ್ತ ನಡೆದು ಹುಡುಕಿದೆ. ಎಲ್ಲಿಯೂ ಕುಸಿದಿರಲಿಲ್ಲ. ನನ್ನ ಕೆಲಸ ಕೆಟ್ಟಿರಲಿ ಎಂದು ನಾನು ಬಯಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಅಲ್ಲಿ ನಿಂತಾಗ ಇನ್ನೊಂದೂ ಹೊಳೆಯಿತು. ಬಿದ್ದ ಮೇಲೆ ಆ ದಾರಿಯಲ್ಲಿ ಹೋಗುವವರೆಲ್ಲ ಅಂಚನ್ನು ನೋಡಿ, ನನ್ನನ್ನೂ ನೆನೆಸಿ, "ಇಷ್ಟು ಅಗಲ ರಸ್ತೆ ಇದ್ದಾಗ ಮೇಸ್ತ್ರಿ ಇಲ್ಲಿ ಯಾಕೆ ಇಳಿದ?" ಎಂದು ಕೇಳಬಹುದು ಎಂಬ ಅಂಜಿಕೆ ನನಗಿತ್ತು. ಇನ್ನೊಬ್ಬರು ಬೀಳಬಾರದೆಂದು ತುಂಬಿದ್ದು ಖರೇ. ಜೊತೆಗೆ, ನಾನು ಬಿದ್ದ ಗುರುತು ನೆಲದ ಮೇಲೆ ಇರಬಾರದೆಂದು ತುಂಬಿದ್ದೂ ಖರೇ. ಯಾವುದು ಎಷ್ಟು ಪಾಲು ಎಂದು ನನಗೆ ಇವತ್ತಿಗೂ ಬೇರೆ ಮಾಡಲು ಬರುವುದಿಲ್ಲ.

ಪೊಲೀಸ್ ಕೇಸಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅಜಾಗರೂಕತೆಯಿಂದ ಗಾಡಿ ಓಡಿಸಿದ್ದೀರಿ ಎಂಬ ಆಪಾದನೆ ಓದುತ್ತಿದ್ದರು. ಓದು ಮುಗಿಯುವ ಮೊದಲೇ "ಒಪ್ಕೋತೇನ್ರಿ" ಎಂದುಬಿಟ್ಟೆ. ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿ, ಪೂರ್ತಿ ಕೇಳಿಸಿಕೊಂಡು ಯೋಚಿಸಿ ಹೇಳಿ ಎಂದರು. ಪೂರ್ತಿ ಕೇಳಿಸಿಕೊಂಡು ಅದನ್ನೇ ಹೇಳಿದೆ. ದಂಡ ಕಟ್ಟಿ ಹೊರಗೆ ಬಂದಾಗ ಮೈ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನಾನು ಒಪ್ಪಿಕೊಂಡದ್ದು ವಕೀಲರು ಹೇಳಿದ್ದಕ್ಕೆ.

ಪರಿಹಾರದ ಕೇಸಿನ ದಿನ ತಂಗಿಯೂ ನಾನೂ ಕೂಡಿಯೇ ಕೋರ್ಟಿಗೆ ಬಂದೆವು, ಒಂದೇ ಬೆಂಚಿನಲ್ಲಿ ಕೂತು ಅವಳು ತಂದ ಚುರುಮುರಿ ತಿನ್ನುತ್ತಿದ್ದೆವು. ವಕೀಲರು ಓಡಿ ಬಂದರು.

"ಅಯ್ಯ ಮೇಸ್ತ್ರಿ, ನೀವು ಎದುರುದಾರ್ರು! ಆ ಕಡೆ ಕುಂದರ್ರಿ. ಇಬ್ರೂ ಒಂದ ಪೊಟ್ಟಣದಾಗ ಕೈ ಹಾಕಿದ್ದನ್ನ ಕಂಪನಿ ವಕೀಲರು ನೋಡಿದ್ರ ಮುಗೀತು."

ಆಮೇಲೆ ತಂಗಿಯ ಹೆಗಲ ಮೇಲೆ ಕೈಯಿಟ್ಟು, "ಹೆದರಬ್ಯಾಡ್ರಿ ಅಕ್ಕಾರ. ಖರೇ ಏನೈತಿ ಅದನ್ನ ಹೇಳ್ರಿ, ಉದ್ದ ಮಾಡಬ್ಯಾಡ್ರಿ" ಎಂದರು. ನನಗೆ ಮಾತ್ರ ಬಿಡಿಸಿ ಹೇಳಿದ್ದರು: ಕಂಪನಿ ಕೊಡಬೇಕಾದರೆ ತಪ್ಪು ನಿಮ್ಮದೆಂದು ಉಳಿಯಬೇಕು, ತಪ್ಪು ರಸ್ತೆಯದೆಂದು ಇವರೇ ಅಂದುಬಿಟ್ಟರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ, ರಸ್ತೆಯವರನ್ನು ಹಿಡಿಯಲು ನಮ್ಮ ಬಳಿ ಏನೂ ಇಲ್ಲ. ಅವಳ ಆಪರೇಷನ್ ಆ ಒಂದು ಮಾತಿನ ಮೇಲೆ ನಿಂತಿತ್ತು.

ಕಂಪನಿಯ ವಕೀಲರು ವಯಸ್ಸಾದವರು, ಮೆದು ಮಾತಿನವರು. ಮೊದಲು, ಅವತ್ತೇ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದರು.

"ತವರಿನ ಮ್ಯಾಲೆ ಹೆಂಗ್ರಿ ದೂರು ಕೊಡೂದು?" ಎಂದಳು ತಂಗಿ. ಕೆಲವರು ನಕ್ಕರು. ವಕೀಲರೂ ನಕ್ಕರು.

"ನಿಮಗ ಪರಿಹಾರ ಸಿಗಲಿ ಅಂತ ನಿಮ್ಮ ಅಣ್ಣಾರು ಇಲ್ಲದ ತಪ್ಪು ಒಪ್ಪಿಕೊಂಡಾರ ಅಂದ್ರ ಖರೇ ಅಲ್ಲೇನು?"

"ಅವರ ಮನಸಿನಾಗಿಂದು ನಂಗ ಗೊತ್ತಿಲ್ರಿ."

"ಆ ಜಾಗಾದಾಗ ಡಾಂಬರಿನ ಬಾಜೂಕ ಗೇಣುದ್ದ ತಗ್ಗಿತ್ತು. ನೀವು ಬಿದ್ದದ್ದು ಆ ತಗ್ಗಿನಿಂದ. ನಿಮ್ಮ ಅಣ್ಣಂದು ಏನೂ ತಪ್ಪಿಲ್ಲ. ಹೌದಲ್ಲ?"

ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಲಿ ಎಂದು ನಾನು ಅಷ್ಟು ದಿನ ಹಂಬಲಿಸಿದ್ದ ಮಾತನ್ನು ಎದುರಿನವರು ಹೇಳುತ್ತಿದ್ದರು. ಹೌದು ಎನ್ನಲಿ ಎಂದು ನನ್ನೊಳಗೆ ಏನೋ ಒಂದು ಅವಳ ಬಾಯಿ ನೋಡುತ್ತಿತ್ತು. ಅವಳ ಕೈ ಕಟಕಟೆಯ ಮೇಲಿತ್ತು, ಸೊಟ್ಟಗೆ. ಅದು ಕಣ್ಣಿಗೆ ಬಿದ್ದರೂ ನಾನು ಅದನ್ನೇ ಬಯಸಿದೆ. ಹೇಳಲೇಬೇಕೆಂದು ಬರೆದಿದ್ದೇನೆ.

"ತಗ್ಗು ಇತ್ರಿ" ಎಂದಳು.

ನಮ್ಮ ವಕೀಲರ ಪೆನ್ನು ನಿಂತಿತು.

"ಮುಂಜಾನೆ ಹೋಗೂ ಮುಂದನೂ ಇತ್ರಿ. ಅದ ದಾರೀಲೆ ಹೋಗಿದ್ವಿ, ಇಬ್ರೂ ನೋಡಿದ್ವಿ. ಬರೂ ಮುಂದ, ಅಣ್ಣಾ ಸಾವಕಾಶ ಹೋಗು, ಬಾಜೂಕ ತಗ್ಗೈತಿ ಅಂತ ನಾ ಅಂದೆ. ಅಂವ ಕೇಳಲಿಲ್ರಿ."

ಅವಳು ನನ್ನ ಕಡೆ ನೋಡಲಿಲ್ಲ. ದನಿ ಏರಲಿಲ್ಲ, ನಡುಗಲೂ ಇಲ್ಲ. ಕಂಪನಿಯ ವಕೀಲರು ಇನ್ನೂ ಏನೇನೋ ತಿರುವಿ ಮುರುವಿ ಕೇಳಿದರು. ಅವಳು ಅದನ್ನೇ ಹೇಳಿದಳು.

ನನಗೆ ಆ ಮಾತು ಕೇಳಿಸಿದ ನೆನಪಿಲ್ಲ. ಗಾಳಿ ಜೋರಿತ್ತು, ಚೀಲ ಮೊಣಕೈಗೆ ತಾಗುತ್ತಿತ್ತು, ರಸ್ತೆ ನುಣುಪಾಗಿತ್ತು. ಆದರೆ ಮುಂಜಾನೆ ಹೋಗುವಾಗ ತಗ್ಗು ನೋಡಿದ್ದು ನೆನಪಿದೆ. "ಏನು ಕೆಲಸ ಮಾಡ್ಯಾರ ನೋಡು ಮಕ್ಕಳು, ನಾನಾಗಿದ್ರ ಹಿಂಗ ಬಿಟ್ಟು ಹೋಗ್ತಿದ್ದಿಲ್ಲ" ಎಂದು ನಾನೇ ಅವಳಿಗೆ ಅದನ್ನು ತೋರಿಸಿದ್ದೆ. ಇದನ್ನು ವಕೀಲರಿಗೂ ಹೇಳಿರಲಿಲ್ಲ, ಜಮಾದಾರರಿಗೂ ಹೇಳಿರಲಿಲ್ಲ. ಇಲ್ಲಿಯವರೆಗೆ ನಿಮಗೂ ಹೇಳಿರಲಿಲ್ಲ.

ಹೊರಗೆ ಬಂದ ಮೇಲೆ ಬೇವಿನ ಗಿಡದ ಕೆಳಗೆ ನಿಂತೆವು.

"ಖರೇನ ಅಂದಿದ್ದೇನು ನೀ ಅವತ್ತ? ಸಾವಕಾಶ ಹೋಗು ಅಂತ?" ಎಂದು ಕೇಳಿದೆ.

ಅವಳು ಎಡಗೈಯಿಂದ ಸೆರಗು ಸರಿ ಮಾಡಿಕೊಂಡಳು.

"ಕೆಲಸ ಆತಲ್ಲ ಅಣ್ಣಾ. ಇನ್ನ ಅದನ್ನ ತೆಗೀಬ್ಯಾಡ."

ಆದೇಶ ಅವಳ ಪರವಾಗಿ ಬಂತು. ಆಪರೇಷನ್ ಆಯಿತು. ಬೆರಳ ತುದಿಗಳು ಈಗ ಒಂದಕ್ಕೊಂದು ಮುಟ್ಟುತ್ತವೆ, ಬಿಗಿ ಸಾಲದು. ಮೊಗ್ಗು ಬಿಡಿಸಲು ಆಗುವುದಿಲ್ಲ, ಮರುದಿನ ಹೂಪುಡಿ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಾಳೆ. ಪಂಚಮಿಗೆ ಬಂದಿದ್ದಳು, ಜೋಕಾಲಿಯನ್ನೂ ಆಡಿದಳು. ಮೊದಲಿನಂತೆಯೇ ನನ್ನನ್ನು ಕಾಡಿಸುತ್ತಾಳೆ. ನಾನು ಮತ್ತೆ ಕೇಳಿಲ್ಲ. ಅವಳು ಅಂದು ಅಂದಿದ್ದಳೋ, ಕೋರ್ಟಿಗಾಗಿ ಹೆಣೆದಳೋ ನನಗೆ ಗೊತ್ತಿಲ್ಲ. ಸಾವಕಾಶ ಹೋಗು ಎಂದು ಅವಳು ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎಂದು ಮಾತ್ರ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದೆ, ಕೇಳುತ್ತಿರಲಿಲ್ಲ. ಅದಕ್ಕೇ ಅವಳು ಹೇಳಿದ್ದು ಸುಳ್ಳೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.